ಪವರ್ ಪ್ಲೇಗೆ ಒಬ್ಬ ಡಿಫೆಂಡರ್ ಬೇಕಾಗಿದ್ದಾರೆ

ಆರಿಸುವ ಅಧಿಕಾರ ಕೈಗೆ ಬಂದ ಮನುಷ್ಯ ಮೊದಲು ನೋಡುವುದು ತನ್ನ ಕಡೆಗೇ. ಇದನ್ನು ಅನುಭವ ಎನ್ನುವುದಕ್ಕಿಂತ ತಪ್ಪೊಪ್ಪಿಗೆ ಎನ್ನುವುದೇ ಸರಿ. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿದ್ದಾಗ, "ಹಾಕಿ ಆಡ್ತೀಯಾ?" ಎಂದು ಅಲ್ಲಿನವರು ಕೇಳಿದರು. ಮೈಸೂರಿನ ಕಾಲೇಜು ಮೈದಾನವನ್ನು ನೆನೆದು ಹೂಂ ಎಂದುಬಿಟ್ಟೆ. ಕಾಲಿಗೆ ಬ್ಲೇಡು ಕಟ್ಟಿ ಮಂಜುಗಡ್ಡೆಯ ಮೇಲೆ ಬಿಡುತ್ತಾರೆಂದು ಯಾರೂ ಹೇಳಿರಲಿಲ್ಲ. ಬಿದ್ದೂ ಬಿದ್ದೂ ಅಂತೂ ಕಲಿತೆ. ನಿಯಮದ ಪುಸ್ತಕವನ್ನು ಪೂರ್ತಿ ಓದಿದವನು ನಾನೊಬ್ಬನೇ ಆದ್ದರಿಂದ ಕ್ಯಾಪ್ಟನ್ ಪಟ್ಟವೂ ಬಂತು.

ನಮ್ಮ ಮಾನ ಹೋಗುತ್ತಿದ್ದದ್ದು ಪವರ್ ಪ್ಲೇಯಲ್ಲಿ. ಕ್ರಿಕೆಟ್ಟಿನದಲ್ಲ, ಇದು ಬೇರೆ. ಎದುರಾಳಿಯೊಬ್ಬ ತಪ್ಪು ಮಾಡಿ ಎರಡು ನಿಮಿಷ ಹೊರಗೆ ಕೂತರೆ ಅವರು ನಾಲ್ವರು, ನಾವು ಐವರು. ಆಗ ನಮ್ಮ ಒಬ್ಬ ಡಿಫೆಂಡರ್ ಎಲ್ಲರಿಗಿಂತ ಹಿಂದೆ ನಿಂತು, ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆಯನ್ನು ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸಬೇಕು. ಪಂಕ್ತಿಯಲ್ಲಿ ಬಡಿಸುವವರಿದ್ದ ಹಾಗೆ. ನಮ್ಮ ಪಂಕ್ತಿಯಲ್ಲಿ ಆ ವರ್ಷ ಯಾರ ಎಲೆಗೂ ಏನೂ ಬಿದ್ದಿರಲಿಲ್ಲ. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿರುವ ನಮ್ಮ ಆಸ್ಪತ್ರೆ ಸಂಸ್ಥೆಯ ಆಫೀಸಿನವರೊಡನೆ ವರ್ಷಕ್ಕೊಂದು ಪಂದ್ಯ. ಹೋದ ಸಲವೂ ಸೋತಿದ್ದೆವು, ಅದರ ಹಿಂದಿನ ಸಲವೂ. ಈ ಬಾರಿ ಸರಿಯಾದ ವ್ಯಕ್ತಿಯನ್ನು ಹುಡುಕಿಯೇ ಸಿದ್ಧ ಎಂದು ಹಟ ತೊಟ್ಟೆ.

ತಂಡದ ಹಿತದೃಷ್ಟಿಯಿಂದ ಮೊದಲು ನನ್ನನ್ನೇ ನೇಮಿಸಿಕೊಂಡೆ. ಪಕ್ ಬಂದರೆ ಅದನ್ನೇ ಅಕ್ಕರೆಯಿಂದ ನೋಡುತ್ತಿದ್ದೆ. ತಲೆಯೆತ್ತುವಷ್ಟರಲ್ಲಿ ಅದು ಬೇರೆಯವರ ಪಾಲಾಗಿರುತ್ತಿತ್ತು. ಆಮೇಲೆ ಎಕ್ಸ್-ರೇ ವಿಭಾಗದ ಗ್ರೆಗ್. ಅವನ ಹೊಡೆತಕ್ಕೆ ಗೋಡೆ ನಡುಗುತ್ತಿತ್ತು. ತೊಂದರೆಯೆಂದರೆ, ನಡುಗುತ್ತಿದ್ದದ್ದು ಬರೀ ಗೋಡೆಯೇ. ಉಳಿದವರು ಉಡುಪಿಯ ವಾಸಂತಿ ಶೆಟ್ಟಿ, ಆಪರೇಷನ್ ಥಿಯೇಟರಿನ ನರ್ಸ್. ಅವರ ಹೊಡೆತ ಗೋಲಿನವರೆಗೆ ತಲುಪಿದರೆ ಅದೇ ಹಬ್ಬ. ಆದರೆ ಒಂದು ಭಾನುವಾರದ ಅಭ್ಯಾಸದಲ್ಲಿ ಗಮನಿಸಿದೆ: ಈಕೆ ಪಕ್ಕನ್ನು ನೋಡುವುದೇ ಇಲ್ಲ! ಕೇಳಿಯೇಬಿಟ್ಟೆ.

"ಥಿಯೇಟರಲ್ಲಿ ಕತ್ತರಿ ನೋಡಿಕೊಂಡು ನಿಂತ್ರೆ ಆಗ್ತದಾ ಮಾರಾಯ್ರೆ?" ಎಂದರು ವಾಸಂತಿ. "ಡಾಕ್ಟ್ರ ಕೈ ನೋಡ್ಬೇಕು. ಕತ್ತರಿ ಎಲ್ಲಿಗೂ ಹೋಗುದಿಲ್ಲ."

ಅಲ್ಲಿಗೆ ನನ್ನ ಹುಡುಕಾಟ ಮುಗಿಯಿತು. "ಅವಳಿಗೆ ಶಾಟೇ ಇಲ್ವಲ್ಲ, ಮೇಟ್!" ಎಂದು ಗ್ರೆಗ್ ಮುನಿಸಿಕೊಂಡ. ಎರಡು ದಿನ ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಬರಲಿಲ್ಲ. ನಾನು ಜಗ್ಗಲಿಲ್ಲ. ಅವನನ್ನು ಮುಂದೆ, ಎಡಗಡೆಗೆ ಹಾಕಿದೆ.

ಮೆಲ್ಬರ್ನ್‌ನಲ್ಲಿ ಕೊನೆಯ ಐದು ನಿಮಿಷ ಉಳಿದಾಗ ಎರಡು-ಎರಡು ಸಮ. ಅವರವನೊಬ್ಬ ನಮ್ಮವನ ಕಾಲಿಗೆ ಕೋಲು ಅಡ್ಡ ಕೊಟ್ಟು ಹೊರಗೆ ಹೋದ. ಪವರ್ ಪ್ಲೇ! ವಾಸಂತಿಯನ್ನು ಕಳಿಸಿ ನಾನು ಬೆಂಚಿಗೆ ಬಂದೆ. ಪಕ್ ವಾಸಂತಿಯ ಕೋಲಿಗೆ ಬಂತು. ಅವರು ಹೊಡೆಯಲಿಲ್ಲ. ಬಲಕ್ಕೆ ಸರಿದರು, ನಿಂತರು, ಮತ್ತೆ ಸರಿದರು. ಆಗಲೂ ಹೊಡೆಯಲಿಲ್ಲ. ನನ್ನ ಹಟ, ತಾಳ್ಮೆ, ಪುಸ್ತಕಜ್ಞಾನ ಎಲ್ಲವೂ ಒಟ್ಟಿಗೇ ಕೈಕೊಟ್ಟವು. ಬೆಂಚಿನ ಮೇಲೆ ಹತ್ತಿ ನಿಂತು, ಅಚ್ಚ ಮೈಸೂರು ಕನ್ನಡದಲ್ಲಿ, "ಹೊಡೀರೀ ವಾಸಂತೀ! ಹೊಡೀರೀ!" ಎಂದು ಅರಚಿದೆ. ಅವರು ಮೆತ್ತಗೆ ಎಡಕ್ಕೆ ತಳ್ಳಿದರು. ಅಲ್ಲಿ ಒಂಟಿಯಾಗಿ ನಿಂತಿದ್ದ ಗ್ರೆಗ್ ಬೀಸಿದ. ಗೋಡೆ ನಡುಗಲಿಲ್ಲ, ಬಲೆ ನಡುಗಿತು.

ಗೆದ್ದ ಮೇಲೆ ಗ್ರೆಗ್ ವಾಸಂತಿಯನ್ನು ಎತ್ತಿಯೇ ಬಿಟ್ಟ. ನಾನು ಸ್ವಲ್ಪ ಸಂಕೋಚದಿಂದಲೇ, "ಅಷ್ಟು ಕೂಗಿದ್ನಲ್ಲ, ಕೇಳಿಸ್ಲಿಲ್ವಾ?" ಎಂದೆ.

"ಕೇಳಿಸ್ತು ಅನಂತಣ್ಣ. ಎದುರಿನವರಿಗೂ ಕೇಳಿಸ್ತಲ್ಲ! ಇದ್ಯಾವ ಭಾಷೆ ಅಂತ ಇಬ್ರು ತಿರುಗಿ ನಿಮ್ಮನ್ನೇ ನೋಡಿದ್ರು. ಅಷ್ಟೊತ್ತಿಗೆ ಗ್ರೆಗ್ ಹತ್ರ ಯಾರೂ ಇರ್ಲಿಲ್ಲ."

ಮುಂದಿನ ವರ್ಷ ತಂಡದಲ್ಲಿ ನನ್ನ ಸ್ಥಾನ ಭದ್ರವಾಯಿತು. ಪವರ್ ಪ್ಲೇ ಬಂದಾಗಲೆಲ್ಲ ಗ್ರೆಗ್ಗೇ ಮುಂದೆ ಬಂದು ನನ್ನ ಕೈ ಹಿಡಿದು ಬೆಂಚಿನ ಮೇಲೆ ಹತ್ತಿಸುತ್ತಿದ್ದ.