ಕಾಮಣ್ಣನಿಗೆ ಅಳುವ ಕಾಕಾ

ಗಂಡ ಸತ್ತವಳ ಹಾಗೆ ಅಳುವುದರಲ್ಲಿ ನಮ್ಮ ಕಾಕಾನನ್ನು ಮೀರಿಸುವ ಗಂಡಸು ಇಡೀ ಪುಣೆಯಲ್ಲಿಲ್ಲ! ಗಾಬರಿಯಾಗಬೇಡಿ, ಅವನ ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಸತ್ತವನು ಕಾಮಣ್ಣ. ಹೋಳಿ ಹುಣ್ಣಿಮೆಗೆ ಇಲ್ಲಿಯವರು ಹೋಳಿಕಾ ರಾಕ್ಷಸಿಯನ್ನು ಸುಟ್ಟರೆ, ಧಾರವಾಡದ ಕಡೆಯ ನಾವು ಸುಡುವುದು ಶಿವನ ಹಣೆಗಣ್ಣಿಗೆ ಸಿಕ್ಕ ಮನ್ಮಥನನ್ನು. ಕಾಕಾನ ಊರಲ್ಲಿ ಮರುದಿನ ಬೆಳಿಗ್ಗೆ ಗಂಡಸೊಬ್ಬ ಸೀರೆಯುಟ್ಟು, ಮನ್ಮಥನ ಹೆಂಡತಿ ರತಿಯಾಗಿ, ಬೂದಿಯ ಮುಂದೆ ಕೂತು ಹಾಡಿಕೊಂಡು ಅಳಬೇಕು. ಹದಿನೆಂಟನೇ ವಯಸ್ಸಿನಿಂದ ಆ ಕೆಲಸ ಅವನದೇ. ಸುಡಲು ಊರಿಗೆ ಊರೇ ಬರುತ್ತದೆ, ಅಳಲು ಒಬ್ಬರಾದರೂ ಬೇಡವೇ ಎಂಬುದು ಅವನ ವಾದ. ಏನು ಹೇಳುತ್ತೀರಿ ಇದಕ್ಕೆ?

ಪುಣೆಯ ಖರಾಡಿಯ ಫ್ಲ್ಯಾಟಿಗೆ ಬಂದ ಮೊದಲ ವರ್ಷ ಬಾಲ್ಕನಿಯಲ್ಲೇ ಶುರು ಹಚ್ಚಿಕೊಂಡ. ಒಳಗೆ ಅವನ ಹೆಂಡತಿ, ನಮ್ಮ ಕಾಕು, ಉಳಿದ ಹೋಳಿಗೆಯನ್ನು ತುಪ್ಪದಲ್ಲಿ ಬಿಸಿ ಮಾಡುತ್ತ, ಈ ಮನುಷ್ಯನಿಗೆ ಮಾನ ಮರ್ಯಾದೆ ಇಲ್ಲವೆಂದು ಗೊಣಗುತ್ತಿದ್ದಳು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ನೋಡಿದರೆ ಎದುರು ಮನೆಯ ಮರಾಠಿ ಅಜ್ಜಿ, ಕೈಯಲ್ಲಿ ಪಿಠಲಾ-ಭಾಕರಿಯ ತಟ್ಟೆ! ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಹಾಗಾಗಿ ನೆರೆಯವರು ಊಟ ತರುತ್ತಾರೆ. ಹೋದವರು ಯಾರೆಂದು ಅಜ್ಜಿ ಮೆಲ್ಲಗೆ ಕೇಳಿದರು. ಕಾಮದೇವ ಎಂದ ಕಾಕಾ. ವಯಸ್ಸೆಷ್ಟಾಗಿತ್ತು?

ಕಾಕಾ ಒಂದು ಕ್ಷಣ ಯೋಚಿಸಿದ. "ತರುಣ್ ಹೋತಾ," ಎಂದು ನಿಟ್ಟುಸಿರಿಟ್ಟ.

ಹರೆಯದ ಹುಡುಗ, ಪಾಪ, ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಕಾಕಾ ಭಾಕರಿಯನ್ನೇನೂ ವಾಪಸು ಕಳಿಸಲಿಲ್ಲ. ಅದರ ಮೇಲೆ ಎರಡು ಹೋಳಿಗೆಯನ್ನೂ ಬಾರಿಸಿದ.

ಆಮೇಲೆ ಅವನಿಗೆ ಅಪಾರ್ಟ್‌ಮೆಂಟ್ ಸೊಸೈಟಿಯ ಅಂಗಳದಲ್ಲೇ, ಎಲ್ಲರೆದುರು ಅಳುವ ಹಟ ಹಿಡಿಯಿತು. ಹಬ್ಬದಲ್ಲಿ ಅಳುವುದು ಅಪಶಕುನ ಎಂದರು ಅಧ್ಯಕ್ಷರು. ಬೆಂಕಿಯ ಸುತ್ತ ನೀವು ಬೊಬ್ಬೆ ಹೊಡೆಯುವುದು ಶುಭಶಕುನವೇ ಎಂದ ಕಾಕಾ. ವರ್ಷಕ್ಕೊಂದರಂತೆ ಆರು ಅರ್ಜಿ ಗುಜರಾಯಿಸಿದ. ಕೊನೆಗೆ ಈ ವರ್ಷ ಒಪ್ಪಿಗೆ ಸಿಕ್ಕಿತು: ಹತ್ತೇ ನಿಮಿಷ, ಮೈಕ್ ಇಲ್ಲ, ಸರಿಬರದಿದ್ದರೆ ಮತ್ತೆಂದೂ ಕೇಳುವಂತಿಲ್ಲ. ಕಾಕಾ ಕಟ್ಟಡದ ಮೂರೂ ವಿಂಗಿಗೆ ಪೇಢೆ ಹಂಚಿದ.

ಹೋಳಿ ಹಬ್ಬಕ್ಕೆ ಎಂಟು ದಿನವಿರುವಾಗ ಅವನ ಗಂಟಲಿನಲ್ಲಿದ್ದ ಗಂಟನ್ನು ಡಾಕ್ಟರರು ತೆಗೆದರು. ಜೀವಕ್ಕೇನೂ ಭಯವಿಲ್ಲ, ಆದರೆ ಒಂದು ತಿಂಗಳು ಪಿಟ್ಟೆನ್ನಬಾರದು. ದನಿ ಮೊದಲಿನಂತಾಗುವ ಭರವಸೆಯೂ ಇಲ್ಲ ಎಂದರು. ಕಾಕಾನ ಕೊರಳಿಗೆ ಒಂದು ಪಾಟಿ ಬಂತು, ಜೇಬಿಗೆ ಬಳಪ. ನಿನ್ನ ಬದಲು ನಾನು ಅಳಲೇ ಎಂದು ಕೇಳಿ, ಒಂದು ಸಾಲು ಹಾಡಿಯೂ ತೋರಿಸಿದೆ. "ಕಾಮಣ್ಣ ಇನ್ನೊಮ್ಮೆ ಸಾಯ್ತಾನ," ಎಂದು ಬರೆದ!

ಆದರೂ ಆ ಬೆಳಿಗ್ಗೆ ಸೀರೆ ಉಟ್ಟೇಬಿಟ್ಟ. ಬೂದಿಯ ಮುಂದೆ ಕೂತ, ಕೈ ಚಾಚಿದ, ಬಾಯಿ ತೆರೆದ. ಉಸಿರಷ್ಟೇ ಹೊರಬಂತು. ಜನ ಮುಖ ಮುಖ ನೋಡಿಕೊಂಡರು. ಅಧ್ಯಕ್ಷರು ಗಡಿಯಾರ ನೋಡುತ್ತ ಎದ್ದರು. ಕಾಕಾ ತಲೆ ತಗ್ಗಿಸಿದ. ನನಗೆ ನೋಡಲಾಗಲಿಲ್ಲ.

ಆಗ ಹಿಂದಿನಿಂದ ಕಾಕು ಬಂದಳು. ನಲವತ್ತು ವರ್ಷ ಈ ಅಳುವನ್ನು ಬೈದುಕೊಂಡೇ ಬಂದ ಕಾಕು! ಗಂಡನ ಪಕ್ಕ ಕೂತು ದನಿ ತೆಗೆದಳು. ಒಂದು ಸಾಲೂ ತಪ್ಪಲಿಲ್ಲ. ಹತ್ತು ನಿಮಿಷ ಇಪ್ಪತ್ತಾಯಿತು, ಯಾರೂ ಮಿಸುಕಲಿಲ್ಲ. ಎದುರು ಮನೆಯ ಅಜ್ಜಿಯಂತೂ ಬಿಕ್ಕಿ ಬಿಕ್ಕಿ ಅತ್ತರು. ಕೊನೆಗೆ ಕಾಕು ಹಾಡಿದಳು: "ಬೂದಿಯಾದ್ರೂ ಆಗ್ಲೋ ರಾಜಾ, ನಿನ್ನ ದನಿಯೊಂದು ಬಿಟ್ಟು ಹೋಗೋ, ದನಿ ಇಲ್ಲದ ಮನಿಯಾಗ ನಾ ಹ್ಯಾಂಗ ಇರಲೋ."

ಮುಂದಿನ ವರ್ಷ ಮೈಕ್ ತಾವೇ ಹಾಕಿಸುವುದಾಗಿ ಅಧ್ಯಕ್ಷರು ಮೂಗೊರೆಸಿಕೊಳ್ಳುತ್ತ ಸಾರಿದರು. ಚಪ್ಪಾಳೆಯೋ ಚಪ್ಪಾಳೆ! ಕಾಕಾ ಮಾತ್ರ ಅತ್ತ ನೋಡಲಿಲ್ಲ. ಪಾಟಿಯ ಮೇಲೆ ಬರೆದು ಕಾಕುವಿನತ್ತ ಹಿಡಿದ: "ಕಡೀ ಸಾಲು ಹಾಡಿನಾಗ ಇಲ್ಲ."

"ಅದು ರತಿದಲ್ಲರಿ," ಎಂದಳು ಕಾಕು. "ನಂದು."

ಕಾಕಾ ಪಾಟಿಯನ್ನು ಕೆಳಗಿಟ್ಟು, ಉಟ್ಟಿದ್ದ ಸೀರೆಯ ಸೆರಗಿನಿಂದ ಅವಳ ಕಣ್ಣು ಒರೆಸಿದ.