ಅಂಟು ಒಣಗುವ ತನಕ ಜೀವದಲ್ಲಿ ಜೀವವಿಲ್ಲ

ಕೈಯಿಂದ ಏನಾದರೂ ಮಾಡುವವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ, ಆದರೆ ನನಗೆ ಆಗುವಷ್ಟು ಬೇರೆ ಯಾರಿಗೂ ಆಗುವುದಿಲ್ಲ ಎಂಬುದು ನನ್ನ ಗಂಡನ ಅಭಿಪ್ರಾಯ. ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಭಾನುವಾರ ನಾನು ಕ್ರಾಫ್ಟ್ ಕ್ಲಾಸ್ ನಡೆಸುತ್ತೇನೆ. ಹಬ್ಬಕ್ಕೆ ಮನೆಯಲ್ಲೇ ಮಾಡಬಹುದಾದ ಜುಮುಕಿ, ಬಳೆ, ತೋರಣ, ಗೂಡುದೀಪ, ಮಕ್ಕಳ ಕಿರೀಟ. ಕಲಿಸುವುದು ಸುಲಭ. ಕಲಿತವರು ಮಾಡಿದ್ದನ್ನು ತೊಟ್ಟುಕೊಂಡು ಮನೆಯಿಂದ ಹೊರಗೆ ಹೋಗುತ್ತಾರಲ್ಲ, ನನ್ನ ಕಷ್ಟ ಶುರುವಾಗುವುದು ಅಲ್ಲಿಂದ. ಅಂಟು ಬಿಟ್ಟರೆ? ಮುತ್ತು ಉದುರಿದರೆ? ಅವರು ವಾಪಸು ಬರುವ ತನಕ ಫೋನ್ ರಿಂಗಾದರೆ ನನ್ನ ಎದೆ ಧಸಕ್ ಅನ್ನುತ್ತದೆ.

ಈ ವರ್ಷ ಅದಕ್ಕೆ ಇನ್ನೊಂದು ಸೇರಿತು. ದೀಪಾವಳಿ ಕಳೆದ ಮೇಲೆ ಮಗಳ ನಿಶ್ಚಿತಾರ್ಥ. ಹುಡುಗನ ಮನೆ ಬಜಪೆಯಲ್ಲಿ. ಆ ಮನೆಯಲ್ಲಿ ಹುಡುಗನ ಅಜ್ಜಿಯ ಮಾತೇ ಕೊನೆಯ ಮಾತು. ಅವರು ಬಂದು, ನೋಡಿ, ಒಪ್ಪಿ, ತಮ್ಮ ಬಾಯಿಂದ ಮದುವೆಯ ದಿನ ಹೇಳಿದರೆ ಮಾತ್ರ ಮದುವೆ ಗಟ್ಟಿ. ಮಗಳು ಹೇಳಿದಳು, "ಡೆಕೊರೇಷನ್ ನೀನೇ ಮಾಡಬೇಕು ಅಮ್ಮ. ಹೊರಗಿನವರು ಬೇಡ." ಗಂಡ ಹೇಳಿದರು, "ಬೇಡ ಮಾರಾಯ್ತಿ." ಇಬ್ಬರ ಮಾತೂ ನನಗೆ ಸರಿಯೇ ಅನ್ನಿಸಿತು. ಆವತ್ತಿನಿಂದ ನನಗೆ ಸರಿಯಾಗಿ ಊಟ ಸೇರಿದ್ದಿಲ್ಲ.

ಸಕ್ಕರೆಯ ಕಿರೀಟ

ಅಷ್ಟಮಿ ಬಂತೆಂದರೆ ನಮ್ಮೂರಿನಲ್ಲಿ ನಡೆಯಲು ಕಲಿತ ಮಕ್ಕಳೆಲ್ಲ ಕೃಷ್ಣರೇ. ಕೆಳಗಿನ ಮಹಡಿಯ ತಾಯಿಯೊಬ್ಬರು ತಮ್ಮ ಪುಟ್ಟ ಮಗನನ್ನು ಮುದ್ದುಕೃಷ್ಣ ಸ್ಪರ್ಧೆಗೆ ಕಳಿಸುವವರಿದ್ದರು. ಕಿರೀಟ ನನ್ನ ಪಾಲಿಗೆ ಬಂತು.

ರಟ್ಟು ಕತ್ತರಿಸಿದೆ, ಚಿನ್ನದ ಬಣ್ಣದ ಕಾಗದ ಸುತ್ತಿದೆ. ಆಮೇಲೆ ಹೆದರಿಕೆ ಶುರುವಾಯಿತು. ಗ್ಲೂ ಗನ್ನಿನ ಬಿಸಿ ಅಂಟು ಎಲ್ಲಾದರೂ ಗಟ್ಟಿಯಾಗಿ ಉಳಿದು ಮಗುವಿನ ಹಣೆಗೆ ಚುಚ್ಚಿದರೆ? ಬೇಡವೆಂದು ಮೈದಾ ಕುದಿಸಿ ಅಂಟು ಮಾಡಿದೆ. ಮಿಂಚಿನ ಪುಡಿ ಮಗುವಿನ ಕಣ್ಣಿಗೆ ಬಿದ್ದರೆ? ಬೇಡವೆಂದು ಹಸಿ ಅಂಟಿನ ಮೇಲೆ ಸಕ್ಕರೆ ಉದುರಿಸಿದೆ. ಬೆಳಕಿನಲ್ಲಿ ಸಕ್ಕರೆ ಎಷ್ಟು ಚೆನ್ನಾಗಿ ಮಿನುಗುತ್ತದೆ ಗೊತ್ತೇ? ಇದು ಯಾವ ವಿಡಿಯೋದಲ್ಲಿಯೂ ಇಲ್ಲ, ನನ್ನದೇ ತಲೆ.

ಸ್ಪರ್ಧೆಗೆ ನಾನೂ ಹೋಗಿ ಎದುರಿನ ಸಾಲಿನಲ್ಲಿ ಕೂತೆ. ಕಿರೀಟ ಬೀಳದಿದ್ದರೆ ಸಾಕಪ್ಪ ಎಂದು ದೇವರಿಗೆ ಹೇಳಿಕೊಂಡೆ. ಕಿರೀಟ ಬೀಳಲಿಲ್ಲ. ಮುಂಚೆ ಬಂದ ಕೃಷ್ಣರೆಲ್ಲ ಅತ್ತಿದ್ದರು. ನಮ್ಮವನು ಅಳಲಿಲ್ಲ, ತಲೆ ಅಲ್ಲಾಡಿಸಿದ. ಮತ್ತೆ ಸೊಂಟ ಕುಣಿಸಿದ. ಒಂದು ಕಾಲಿನಲ್ಲಿ ನಿಂತು ಗಿರಕಿ ಹೊಡೆದ. ಕೊಳಲನ್ನು ಅಂಗಿಯೊಳಗೆ ತೂರಿಸಿ ಬೆನ್ನು ಕೆರೆದುಕೊಂಡ. ಜನ ಚಪ್ಪಾಳೆಯೋ ಚಪ್ಪಾಳೆ. ಕಿರೀಟದಿಂದ ಇರುವೆಯ ಸಾಲು ಕುತ್ತಿಗೆಗೆ ಇಳಿಯುತ್ತಿರುವುದು ಎದುರಿಗೆ ಕೂತ ನನಗೆ ಮಾತ್ರ ಕಂಡಿತು. ಪುಣ್ಯಕ್ಕೆ ಅವು ಕಚ್ಚುವ ಇರುವೆಗಳಲ್ಲ, ಕಚಗುಳಿ ಇಡುವ ಕಪ್ಪಿರುವೆಗಳು.

ನಾನು ತಡೆಯಲಾರದೆ ವೇದಿಕೆಗೆ ಹಾರಿ, ಕಿರೀಟ ಕಿತ್ತು, ಮಗುವಿನ ಬೆನ್ನು ಒರೆಸತೊಡಗಿದೆ. ತೀರ್ಪುಗಾರರು ಮೈಕಿನಲ್ಲಿ, "ಯಶೋದೆಯನ್ನೂ ಕರೆತಂದದ್ದು ಬಹಳ ಒಳ್ಳೆಯದಾಯಿತು" ಎಂದರು. ಮೊದಲ ಬಹುಮಾನ ನಮ್ಮವನಿಗೆ.

ನಾನು ಆ ತಾಯಿಯ ಕೈ ಹಿಡಿದು ಕ್ಷಮೆ ಕೇಳಿದೆ. ಅವರು ಸಮಾಧಾನ ಹೇಳಿದರು. "ಅಯ್ಯೋ ಎಂತ ಆಗ್ಲಿಲ್ಲ ಅಕ್ಕ. ಮುಂದಿನ ವರ್ಷವೂ ಸಕ್ಕರೆಯೇ ಹಾಕಿ. ಇವನನ್ನು ಡ್ಯಾನ್ಸ್ ಕ್ಲಾಸಿಗೆ ಸೇರಿಸಿ ಸೇರಿಸಿ ನನಗೆ ಸಾಕಾಗಿತ್ತು."

ಭುಜ ಬಿಡದ ಜುಮುಕಿ

ನವರಾತ್ರಿಗೆ ಒಬ್ಬ ಶಿಷ್ಯೆ ಕಾಗದದ ಪಟ್ಟಿ ಸುರುಳಿ ಸುತ್ತಿ ಉದ್ದನೆಯ ಜುಮುಕಿ ಮಾಡಿದಳು. ಆಕೆಗೆ ಬ್ಯಾಂಕಿನಲ್ಲಿ ಕೌಂಟರ್ ಕೆಲಸ. ನವರಾತ್ರಿಯಲ್ಲಿ ಅಲ್ಲಿಯ ಹೆಂಗಸರೆಲ್ಲ ದಿನಕ್ಕೊಂದು ಬಣ್ಣ ಉಟ್ಟು ಬರುತ್ತಾರೆ. ಮಂಗಳೂರಿನ ಗಾಳಿಯಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಕಾಗದದ ಜುಮುಕಿಯ ಗತಿ ಏನು? ನಾನು ಅದಕ್ಕೆ ವಾರ್ನಿಷ್ ಬಳಿಸಿದೆ. ಸಾಲದೆಂದು ಅದರ ಮೇಲೆ ಇನ್ನೊಮ್ಮೆ. ಹೋಗುವ ಮುಂಚೆ ಯಾವುದಕ್ಕೂ ಇರಲಿ ಎಂದು ಮತ್ತೂ ಒಮ್ಮೆ.

ನೀರು ಒಳಗೆ ಹೋಗದಂತೆ ಬಳಿದ ವಾರ್ನಿಷ್ ಆ ತೇವದಲ್ಲಿ ತಾನೇ ಒಣಗಲಿಲ್ಲ. ಹಳದಿ ಸೀರೆಯ ದಿನ ಆಕೆ ಜುಮುಕಿ ತೊಟ್ಟು ಹೋದಳು. ಬೆಳಿಗ್ಗೆ ಯಾರೋ ಕರೆದರೆಂದು ತಲೆ ವಾಲಿಸಿದ್ದಾಳೆ. ಎಡಗಿವಿಯ ಜುಮುಕಿ ರವಕೆಯ ಭುಜಕ್ಕೆ ಅಂಟಿ ಕೂತುಬಿಟ್ಟಿತು. ಎಳೆದರೆ ಕಿವಿ ನೋಯುತ್ತದೆ, ಜೋರಾಗಿ ಎಳೆದರೆ ರವಕೆ ಹರಿಯುತ್ತದೆ. ಗ್ರಾಹಕರ ಸಾಲು ಬಾಗಿಲಿನ ತನಕ. ಪಾಪ, ತಲೆ ಓರೆ ಮಾಡಿಕೊಂಡೇ ಮಧ್ಯಾಹ್ನದ ತನಕ ಕೆಲಸ ಮಾಡಿದ್ದಾಳೆ.

ನನಗೆ ವಿಷಯ ಗೊತ್ತಾದದ್ದು ಊಟದ ಹೊತ್ತಿಗೆ ಅವಳ ಫೋನ್ ಬಂದಾಗ. "ಕೊಬ್ಬರಿ ಎಣ್ಣೆ ಹಚ್ಚು, ಬಿಡ್ತದೆ. ಮ್ಯಾನೇಜರ್ ಎಂತ ಹೇಳಿದ್ರು?" ಎಂದು ಕೇಳಿದೆ.

"ಬೈದ್ರು ಅಕ್ಕ. ಭುಜಕ್ಕೆ ಫೋನ್ ಸಿಕ್ಕಿಸಿಕೊಂಡು ಬೆಳಿಗ್ಗೆಯಿಂದ ಯಾರ ಹತ್ತಿರ ಮಾತಾಡ್ತಾ ಇದ್ದೀರಿ ಅಂತ."

ಬಾಲ್ಕನಿಯ ಗೂಡುದೀಪ

ಇಷ್ಟು ಹೊತ್ತಿಗೆ ಗಂಡ ದಿನಾ ಬೆಳಿಗ್ಗೆ ಕಾಫಿಯ ಜೊತೆ ಒಂದೇ ಪ್ರಶ್ನೆ ಕೇಳತೊಡಗಿದ್ದರು. "ನಿಶ್ಚಿತಾರ್ಥದ ಡೆಕೊರೇಷನ್ನಿಗೆ ಯಾರಿಗಾದರೂ ಹೇಳುವಾ?" ನಾನು ಹಟಕ್ಕೆ ಬಿದ್ದೆ. ದೀಪಾವಳಿಗೆ ಅಪಾರ್ಟ್‌ಮೆಂಟಿನವರ ಗೂಡುದೀಪ ಸ್ಪರ್ಧೆ ಇತ್ತು. ಅದರಲ್ಲಿ ನನ್ನದು ಗಟ್ಟಿಯಾಗಿ ನಿಂತರೆ ನಿಶ್ಚಿತಾರ್ಥವೂ ನನ್ನದೇ, ಇಲ್ಲದಿದ್ದರೆ ಅವರು ಹೇಳಿದ ಹಾಗೆ ಎಂದು ಮಾತಾಯಿತು.

ಗಾಳಿಗೆ ಮುರಿಯಬಾರದೆಂದು ಬಿದಿರಿನ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಕಟ್ಟಿದೆ. ಮಳೆಗೆ ಹರಿಯಬಾರದೆಂದು ಕಾಗದದ ಮೇಲೆ ಕಾಗದ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಗೂಡುದೀಪ ಬಹಳ ಗಟ್ಟಿಯಾಯಿತು. ಅದನ್ನು ಎತ್ತಲು ನೋಡಿದಾಗ ಗೊತ್ತಾಯಿತು, ಗಟ್ಟಿಯಾದದ್ದು ಭಾರವೂ ಆಗಿದೆ. ಬಾಲ್ಕನಿಯ ಕೊಕ್ಕೆಗೆ ಸಿಕ್ಕಿಸಿದ ಕೂಡಲೇ ಕೊಕ್ಕೆ ಗೋಡೆಯ ಸಿಮೆಂಟನ್ನು ಕಿತ್ತುಕೊಂಡು ಕೆಳಗೆ ಬಂತು.

ಅಷ್ಟರಲ್ಲಿ ಅಂಗಳದಲ್ಲಿ ತೀರ್ಪುಗಾರರ ಸ್ವರ ಕೇಳಿತು. ಮೂವರು ಹಿರಿಯರು ತಲೆ ಎತ್ತಿ ಒಂದೊಂದೇ ಬಾಲ್ಕನಿ ನೋಡುತ್ತ ಬರುತ್ತಿದ್ದರು. ನಾನು ಗಂಡನ ಮುಖ ನೋಡಿದೆ. ಅವರು, "ಬೇಡ, ನನ್ನನ್ನು ಹಾಗೆ ನೋಡಬೇಡ" ಎಂದರು. ನೋಡಿದೆ. ಪಾಪದ ಮನುಷ್ಯ ಬಾಲ್ಕನಿಯ ಪರದೆಯ ಹಿಂದೆ ಕುರ್ಚಿ ಹತ್ತಿ ನಿಂತು, ನೆಲ ಒರೆಸುವ ಕೋಲನ್ನು ಹೊರಗೆ ಚಾಚಿ, ಅದರ ತುದಿಗೆ ಗೂಡುದೀಪ ತೂಗುಹಾಕಿಕೊಂಡರು.

ಕೆಳಗೆ ನಮ್ಮ ಬಾಲ್ಕನಿಯ ಎದುರು ನಿಂತ ತೀರ್ಪುಗಾರರು ಕದಲುವುದೇ ಇಲ್ಲ. "ಒಳ್ಳೆ ಪೊರ್ಲು ಉಂಟು" ಎಂದು ಒಬ್ಬರು ತುಳು ಕನ್ನಡ ಸೇರಿಸಿ ಹೊಗಳಿದರು. "ಗಾಳಿಗೆ ಎಷ್ಟು ಚಂದ ಅಲ್ಲಾಡ್ತದೆ ನೋಡಿ" ಎಂದರು ಇನ್ನೊಬ್ಬರು. ಗಾಳಿ ಎಲ್ಲಿಯದು? ಅಲ್ಲಾಡುತ್ತಿದ್ದದ್ದು ನನ್ನ ಗಂಡನ ಕೈ. ಅವರ ಮುಖ ಕೆಂಪಾಯಿತು, ಕಾಲು ನಡುಗಿತು, ಕುರ್ಚಿ ಕಿರ್ ಎಂದಿತು. ನಾನು ಎರಡೂ ಕೈಯಿಂದ ಕುರ್ಚಿ ಹಿಡಿದು ಕಣ್ಣು ಮುಚ್ಚಿಕೊಂಡೆ. ಗೂಡುದೀಪ ಆ ಹಿರಿಯರ ತಲೆಯ ಮೇಲೆ ಬಿದ್ದರೆ ನಾವು ಊರು ಬಿಡಬೇಕು.

ಮೂರನೆಯವರು ಅಲ್ಲಿಯ ತನಕ ಸುಮ್ಮನಿದ್ದವರು ಮೊಬೈಲ್ ಎತ್ತಿ ಹಿಡಿದು ಕೂಗಿದರು. "ಅಣ್ಣಾ, ಸ್ವಲ್ಪ ಎಡಕ್ಕೆ ತಿರುಗಿಸಿ. ಫೋಟೋ ತೆಗೆದು ಆದ ಮೇಲೆ ಇಳಿಯಿರಿ."

ನಿಶ್ಚಿತಾರ್ಥದ ಉಯ್ಯಾಲೆ

ಗೂಡುದೀಪ ನಿಂತಿತ್ತಲ್ಲ, ಯಾರ ಬಲದಿಂದ ನಿಂತಿತು ಎನ್ನುವುದು ಬೇರೆ ಮಾತು. ನಿಶ್ಚಿತಾರ್ಥ ನನ್ನ ಪಾಲಿಗೇ ಉಳಿಯಿತು.

ಈ ಸಲ ಅಂಟೇ ಬೇಡ ಎಂದು ತೀರ್ಮಾನಿಸಿದೆ. ಎಲ್ಲವನ್ನೂ ಕಟ್ಟುವುದು, ಗಂಟು ಹಾಕುವುದು. ಮಗಳಿಗೆ ಸಾಂಪ್ರದಾಯಿಕವಾಗಿ ಬೇಕಿತ್ತು, ಹುಡುಗ ಹುಡುಗಿ ಕೂತು ಫೋಟೋ ತೆಗೆಸಿಕೊಳ್ಳಲು ಒಂದು ಉಯ್ಯಾಲೆಯೂ ಬೇಕಿತ್ತು. ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲಿ ಬಾಡಿಗೆಯ ಮರದ ಉಯ್ಯಾಲೆ ನಿಲ್ಲಿಸಿ ಕೆಂಪು ವಸ್ತ್ರ ಹಾಸಿದೆ. ಪ್ಲಾಸ್ಟಿಕ್ ಹೂವು ಕಳಚಿ ಬೀಳುತ್ತದೆಂದು ಎರಡೂ ಬದಿಗೆ ಅಡಕೆಯ ಹೂವು, ನಮ್ಮ ಹಿಂಗಾರ, ಗೊಂಚಲು ಗೊಂಚಲಾಗಿ ಕಟ್ಟಿದೆ. ಹಿಂದೆ ತೆಂಗಿನ ಎಳೆ ಗರಿಯ ಜಾಲರಿ. ಕರೆಂಟಿನ ಮಾಲೆ ಶಾರ್ಟ್ ಆದರೆ ಎಂಬ ಭಯಕ್ಕೆ ಎರಡು ಹಿತ್ತಾಳೆಯ ದೀಪ. ಅಜ್ಜಿಗೆ ಸೊಳ್ಳೆ ಕಚ್ಚಬಾರದೆಂದು ಧೂಪ. ನೆಲಕ್ಕೆ ಹಾಸಿದ ಬಿಳಿ ಬಟ್ಟೆ ಕೊಳೆಯಾಗಬಾರದೆಂದು ಬಾಗಿಲಲ್ಲಿ ಒಂದು ಬೋರ್ಡು, "ದಯವಿಟ್ಟು ಚಪ್ಪಲಿ ಹೊರಗೆ ಬಿಡಿ." ಮಕ್ಕಳು ಹತ್ತಿ ಜಗ್ಗಿಯಾರೆಂದು ಎದುರಿಗೆ ಅಡ್ಡಲಾಗಿ ಮಾವಿನೆಲೆಯ ತೋರಣ.

ಹಿಂಗಾರ ಕೊಳ್ಳುವಾಗ ಹೂವಿನವನು, "ತಂಬಿಲ ಎಲ್ಲಿ ಅಕ್ಕ?" ಎಂದು ಕೇಳಿದ್ದ. ತಂಬಿಲವೆಂದರೆ ದೈವಕ್ಕೆ ಕೊಡುವ ಸೇವೆ. ನನ್ನ ತಲೆಯಲ್ಲಿ ಗಂಟುಗಳೇ ತುಂಬಿದ್ದವು. "ಇಲ್ಲೇ, ನಮ್ಮ ಹಾಲಿನಲ್ಲಿ" ಎಂದು ಹೇಳಿ ಬಂದಿದ್ದೆ.

ಹುಡುಗನ ಕಡೆಯವರು ಯಾರನ್ನೋ ಹತ್ತಿಸಿಕೊಳ್ಳಲು ನಂತೂರಿಗೆ ಹೋಗಿ ಅಲ್ಲಿ ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿಬಿದ್ದರು. ನಾನು ಆ ಹೊತ್ತಿನಲ್ಲಿ ಗಂಟುಗಳನ್ನೆಲ್ಲ ಮತ್ತೊಮ್ಮೆ ಬಿಗಿದೆ. ಕೊನೆಗೂ ವ್ಯಾನು ಬಂತು. ಅಜ್ಜಿ ಎಲ್ಲರಿಗಿಂತ ಮುಂದೆ ಇಳಿದರು. ಬಾಗಿಲಲ್ಲಿ ಬೋರ್ಡು ಓದಿದರು, ಚಪ್ಪಲಿ ಬಿಟ್ಟರು, ಒಳಗೆ ನೋಡಿದರು. ಕೆಂಪು ವಸ್ತ್ರದ ಉಯ್ಯಾಲೆ, ಹಿಂಗಾರ, ದೀಪ, ಧೂಪದ ಹೊಗೆ. ಸೆರಗನ್ನು ಹೆಗಲ ಮೇಲೆ ಹೊದ್ದುಕೊಂಡು, ಯಾರ ಮುಖವನ್ನೂ ನೋಡದೆ ಸೀದಾ ಬಂದು, ಉಯ್ಯಾಲೆಯ ಎದುರು ಕೈಮುಗಿದು ಕಣ್ಣು ಮುಚ್ಚಿದರು.

ಆಗ ನನಗೆ ಕಂಡಿತು. ನಮ್ಮ ತುಳುನಾಡಿನ ದೈವದ ಕೋಣೆಯಲ್ಲಿ ದೈವಕ್ಕೆಂದೇ ಇಡುವುದು ಇದೇ ಉಯ್ಯಾಲೆ, ಇದೇ ಹಿಂಗಾರ. ನಾನು ಗಂಟು ನೋಡಿದೆನೇ ಹೊರತು ಒಟ್ಟು ಏನಾಗಿದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಅಜ್ಜಿ ಕೈಮುಗಿದರೆಂದು ಅವರ ಕಡೆಯವರೆಲ್ಲ ಕೈಮುಗಿದರು. ಹುಡುಗನೂ ಮುಗಿದ. ಇದು ಅವರ ಮನೆಯ ಪದ್ಧತಿಯಿರಬೇಕೆಂದು ನಮ್ಮವರೂ ಮುಗಿದರು. ನನ್ನ ಗಂಡ ಫ್ಯಾನನ್ನು ನೋಡುತ್ತ ನಿಂತಿದ್ದರು.

ಆಗ ಫೋಟೋದವನು ಕ್ಯಾಮೆರಾದಿಂದ ತಲೆ ಎತ್ತಿ, "ಹುಡುಗ ಹುಡುಗಿ ಬನ್ನಿ, ಉಯ್ಯಾಲೆಯಲ್ಲಿ ಕೂತ್ಕೊಳ್ಳಿ" ಎಂದ.

ಅಜ್ಜಿ ಕಣ್ಣು ಬಿಟ್ಟರು. "ಅಲ್ಲಿ ಕೂರುವುದಾ? ತಲೆ ಸರಿ ಉಂಟಾ ನಿನಗೆ?" ಉಯ್ಯಾಲೆಯ ಕಡೆ ಹೆಜ್ಜೆಯಿಟ್ಟಿದ್ದ ಹುಡುಗ ಹಿಂದೆ ಸರಿದ. ಮಗಳು ನನ್ನನ್ನು ನೋಡಿದಳು. ಅಜ್ಜಿ ನನ್ನ ಕಡೆ ತಿರುಗಿ, "ಇದು ಯಾವ ದೈವ ಮಗಾ?" ಎಂದು ಮೆತ್ತಗೆ ಕೇಳಿದರು.

ಏನು ಹೇಳಲಿ? ನಿಜ ಹೇಳಿದರೆ ಅಷ್ಟು ಜನರ ಎದುರು ಅವರಿಗೆ ಅವಮಾನ, ಮಗಳ ಮದುವೆಯ ದಿನ ಅವರ ಬಾಯಲ್ಲೇ ಉಳಿದೀತು. ಸುಳ್ಳು ಹೇಳೋಣವೆಂದರೆ ದೈವದ ಹೆಸರಿನಲ್ಲಿ ಸುಳ್ಳು ಹೇಳುವ ಧೈರ್ಯ ಈ ಊರಿನಲ್ಲಿ ಯಾರಿಗುಂಟು? ನನಗೆ ಅಳು ಬಂದುಬಿಟ್ಟಿತು. "ದೈವ ಅಲ್ಲ ಅಮ್ಮ, ಡೆಕೊರೇಷನ್. ನಾನೇ ಮಾಡಿದ್ದು. ತಪ್ಪಾಯ್ತು."

ಅಜ್ಜಿ ತೋರಣ ಎತ್ತಿ ಒಳಗೆ ಹೋದರು. ಹಿಂಗಾರ ಮುಟ್ಟಿದರು. ಒಂದು ಗಂಟನ್ನು ಜಗ್ಗಿ ನೋಡಿದರು. ಅದು ಬಿಡಲಿಲ್ಲ. "ನಾನು ಹರಕೆ ಹೇಳಿ ಆಯ್ತಲ್ಲ ಮಾರಾಯ್ತಿ" ಎಂದರು. "ಈ ಮಕ್ಕಳು ಚೆನ್ನಾಗಿದ್ದರೆ ಈ ಉಯ್ಯಾಲೆಗೆ ಒಂದು ಗೊನೆ ಸೀಯಾಳ ಅಂತ. ಹೇಳಿದ್ದನ್ನು ತಪ್ಪಿಸುವ ಹಾಗಿಲ್ಲ. ಇಬ್ಬರೂ ಬನ್ನಿ, ಕೂತ್ಕೊಳ್ಳಿ. ಕೂತವರಿಗೇ ಸೀಯಾಳ."

ಮೊದಲು ನಕ್ಕದ್ದು ಹುಡುಗ. ಆಮೇಲೆ ಅಲ್ಲಿದ್ದವರೆಲ್ಲ ನಕ್ಕರು. ಅವರಿಬ್ಬರೂ ಕೂತರು, ಅಜ್ಜಿಯೇ ಉಯ್ಯಾಲೆ ತೂಗಿದರು, ಮದುವೆಯ ದಿನವನ್ನೂ ಅಲ್ಲೇ ಹೇಳಿದರು. ನನಗೆ ಎಷ್ಟು ಹಗುರವಾಯಿತೆಂದರೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಊಟ ಮುಗಿಸಿ ವ್ಯಾನು ಹತ್ತುವಾಗ ಅಜ್ಜಿ ನನ್ನನ್ನು ಹತ್ತಿರ ಕರೆದು ಕೆನ್ನೆ ಸವರಿದರು.

"ಮದುವೆಯ ಮಂಟಪವನ್ನೂ ನೀನೇ ಮಾಡು ಮಗಾ. ಚಪ್ಪಲಿಯ ಬೋರ್ಡು ಮಾತ್ರ ಬೇಡ. 'ಇದು ಮದುವೆ' ಅಂತ ಒಂದು ಬೋರ್ಡು ಹಾಕು."