ನಮ್ಮ ಪಡಸಾಲೆಯ ಐರಿಶ್ ಮುತ್ತಜ್ಜ

ನಮ್ಮ ಮನೆಯಲ್ಲಿ ನನಗೂ ಒಂದು ಸ್ಥಾನವಿದೆ. ಸಿಂಕಿನ ಎದುರು. ಜರ್ಮನಿಯ ಎರ್ಲಾಂಗೆನ್ನಿಗೆ ಬಂದು ದೊಡ್ಡ ಎಂಜಿನಿಯರ್ ಎನಿಸಿಕೊಂಡ ಮೇಲೂ ಅಲ್ಲಿಂದ ಬಡ್ತಿ ಸಿಕ್ಕಿಲ್ಲ. ಹೆಂಡತಿ ಮಧುಮತಿ ನನ್ನ ಸೋದರತ್ತೆಯ ಮಗಳು. ಗದಗಿನ ಒಂದೇ ಮನೆಯಲ್ಲಿ ಬೆಳೆದವರು ನಾವು. ನಾನು ಮೂಗು ಸೋರಿಸಿಕೊಂಡು ಓಡಾಡಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಾಳೆ. ಅಂಥವಳ ಮುಂದೆ ಗಾಂಭೀರ್ಯ ಎಷ್ಟು ಹೊತ್ತು ನಿಂತೀತು?

ಹಾಗಾಗಿಯೇ ನನಗೆ ಮುತ್ತಜ್ಜನ ನೆನಪಾದದ್ದು. ಗದಗಿನ ಮನೆಯ ಪಡಸಾಲೆಯಲ್ಲಿ ಒಂದು ಹಳೇ ಫೋಟೋ ಇದೆ. ರೈಲು ಎಂಜಿನ್ನಿನ ಪಕ್ಕ ಟೋಪಿ, ಹುರಿಮೀಸೆಯ ಬಿಳಿ ಸಾಹೇಬ. ಕೆಳಗೆ ಇಂಗ್ಲಿಷಿನಲ್ಲಿ ಕಿಲ್‌ಬ್ರೈಡ್ ಎಂಬ ಹೆಸರು. ಐರ್ಲೆಂಡಿನಿಂದ ಬಂದು ಇಲ್ಲೇ ಮದುವೆಯಾಗಿ ಉಳಿದ ಹಿರಿಯ ಎಂದು ದೊಡ್ಡವರು ಹೇಳುತ್ತಿದ್ದರು. ಪ್ರತಿ ಹಬ್ಬಕ್ಕೂ ಹಾರ ಹಾಕಿದವನು ನಾನೇ.

ಇದನ್ನು ಆಫೀಸಿನ ಐರಿಶ್ ಸಹೋದ್ಯೋಗಿ ಫಿಯೋನಾಗೆ ಹೇಳಿದ್ದೇ ತಡ, ಆಕೆ ಕುರ್ಚಿಯಿಂದ ಎದ್ದೇಬಿಟ್ಟಳು. ಮಾರ್ಚಿನಲ್ಲಿ ಇಲ್ಲಿನ ಐರಿಶ್ ಸಂಘದ ಹಬ್ಬದೂಟ. ಅಲ್ಲಿ ನನ್ನ ಭಾಷಣ ನಿಗದಿಯಾಯಿತು. ಸಾಹೇಬನ ಊರು, ಅವನ ಮದುವೆ, ಎಲ್ಲದಕ್ಕೂ ದಾಖಲೆ ಹುಡುಕಿ ತರುವುದು ನನ್ನ ಕೆಲಸ. ಸಭೆಯಲ್ಲಿ ಚಪ್ಪಾಳೆ, ಮನೆಯಲ್ಲಿ ಮರ್ಯಾದೆ, ಎರಡೂ ಒಟ್ಟಿಗೆ ಸಿಗುವ ಯೋಗ!

“ರೀ, ಪಾತ್ರೆ ಹಂಗ ಬಿದ್ದಾವ.”

“ಐರಿಶ್ ರಕ್ತ ಮಧು ಇದು. ಸ್ವಲ್ಪ ಗೌರವ ಇರ್ಲಿ.”

“ಯಾಕ, ಐರಿಶ್ ರಕ್ತಕ್ಕ ಸಾಬೂನ ಆಗಿ ಬರಂಗಿಲ್ಲೇನು?”

ಈ ಕುಹಕವನ್ನು ನುಂಗಿಕೊಂಡು ಐರ್ಲೆಂಡಿನ ಚರ್ಚುಗಳ ದಾಖಲೆ ಜಾಲಾಡಲು ಕೂತೆ. ಯಾವ ಊರು ತೆರೆದರೂ ಮೈಕೆಲ್ ಕಿಲ್‌ಬ್ರೈಡ್. ಅವನ ಅಪ್ಪನೂ ಮೈಕೆಲ್, ಪಕ್ಕದ ಮನೆಯವನೂ ಮೈಕೆಲ್. ನಮ್ಮಲ್ಲಾದರೆ ಗಿರಣಿ ಬಸಪ್ಪ, ಉದ್ದನ್ನ ಬಸಪ್ಪ ಎಂದು ಗುರುತು ಇಡುತ್ತೇವೆ. ಐರಿಶ್ ಪಾದ್ರಿಗಳಿಗೆ ಆ ಮುಂದಾಲೋಚನೆ ಇರಲಿಲ್ಲ. ಎಷ್ಟು ಹುಡುಕಿದರೂ ನಮ್ಮ ಅಂಗಡಿ ಮನೆತನಕ್ಕೂ ಯಾವ ಕಿಲ್‌ಬ್ರೈಡನಿಗೂ ಗಂಟು ಬೀಳಲಿಲ್ಲ. ಚಳಿಗಾಲವಿಡೀ ಹೀಗೇ ಕಳೆಯಿತು. ನಾನು ಮಾತ್ರ ಧೈರ್ಯವಾಗಿ ಐರಿಶರ ಬಣ್ಣವಾದ ಹಸಿರಿನಲ್ಲೇ ಕೋಟು ಹೊಲಿಸಿದೆ. ಮಗಳು ಸಿಂಚನಾ ನೋಡಿ, “ಪಾಪಾ, ಪೈನ್‌ಲಿಷ್!” ಎಂದಳು. (ನಾಚಿಕೆಗೇಡು ಎನ್ನುವುದಕ್ಕೆ ಜರ್ಮನ್ ಪದ. ಅವಳು ಅದನ್ನು ನನಗಾಗಿಯೇ ಕಲಿತಂತಿದೆ.)

ಭಾಷಣದ ಹಿಂದಿನ ದಿನ ಬೆಳಿಗ್ಗೆ ಸೋತು, ಗದಗಿನಲ್ಲಿರುವ ಬಸಕ್ಕತ್ತೆಗೆ ವಿಡಿಯೋ ಕಾಲ್ ಮಾಡಿದೆ. ಸೋದರತ್ತೆಯೂ ಅವಳೇ, ಹೆಣ್ಣು ಕೊಟ್ಟ ಅತ್ತೆಯೂ ಅವಳೇ. ಹೆದರಿಕೆಯೂ ಎರಡು ಪಟ್ಟು.

“ಅತ್ತಿ, ನಮ್ಮ ರೈಲ್ ಸಾಹೇಬ ಅಂಗಡಿ ಮನಿತನದಾಗ ಯಾರನ್ನ ಮದಿವಿ ಆಗಿದ್ದ?”

“ಯಾರನ್ನೂ ಇಲ್ಲ.”

“ಮತ್ತ ಫೋಟೋ ನಮ್ಮ ಪಡಸಾಲ್ಯಾಗ ಐತಲ್ಲ?”

“ನಿಮ್ಮ ಮಾವ ಮನಿಅಳ್ಯಾ ಆಗಿ ಬರೂ ಮುಂದ ಟ್ರಂಕಿನಾಗ ಹಾಕ್ಕೊಂಡು ತಂದಿದ್ದೋ ಅದು! ಅವರ ಹೊಸಮನಿ ಮನಿತನದ ಹಿರ್ಯಾ ಅಂವ.”

“ನನಗ್ಯಾಕ ಯಾರೂ ಹೇಳಲಿಲ್ಲ?”

“ನೀ ಹಾರಾ ಹಾಕ್ತಿದ್ದಿ, ನಾವು ಭಕ್ತಿ ಅಂದ್ಕೊಂಡ್ವಿ. ಅಲ್ಲೋ ಸುನ್ಯಾ, ಮಧುನ ಹಸರು ಕಣ್ಣು ನೋಡಿಲ್ಲೇನು?”

(ಇಷ್ಟು ವರ್ಷದ ಸಂಸಾರದಲ್ಲಿ ಆ ಕಣ್ಣನ್ನು ನೇರವಾಗಿ ನೋಡುವ ಧೈರ್ಯ ಒಮ್ಮೆಯಾದರೂ ಮಾಡಿದ್ದರೆ ಗೊತ್ತಾಗುತ್ತಿತ್ತು.) ತಿರುಗಿದೆ. ಮಧುಮತಿ ಹಿಂದೆಯೇ ನಿಂತಿದ್ದಳು. ಹಸಿರು, ಅಚ್ಚ ಹಸಿರು!

“ನಿನಗ ಮೊದ್ಲ ಗೊತ್ತಿತ್ತೇನು?”

“ಗೊತ್ತಿತ್ರಿ. ನೀವು ಲ್ಯಾಪ್‌ಟಾಪ್ ಮುಂದ ಕುಂತ್ರ ಮನಿ ತಣ್ಣಗಿರತಿತ್ತು. ಅದಕ್ಕ ಸುಮ್ಮನಿದ್ದೆ.”

“ಅಂದ್ರ ಐರಿಶ್ ರಕ್ತ…”

“ನಂದು. ಸಿಂಚನಾಂದು. ನಿಮ್ಮದು ಪೂರ್ತಿ ಗದಗಿಂದು.”

ಹೊಸಮನಿ ಎಂದು ಹಾಕಿ ಹುಡುಕಿದ್ದೇ, ಚಳಿಗಾಲವಿಡೀ ತಲೆ ತಪ್ಪಿಸಿಕೊಂಡಿದ್ದ ಸಾಹೇಬ ಮಧ್ಯಾಹ್ನದೊಳಗೆ ಸಿಕ್ಕಿಬಿದ್ದ. ಹುಬ್ಬಳ್ಳಿಯ ಚರ್ಚಿನಲ್ಲಿ ಹೊಸಮನಿ ಬಸವ್ವನ ಕೈಹಿಡಿದು, ಹೆಂಡತಿಯ ಮನೆಗೇ ನಡೆದುಬಿಟ್ಟಿದ್ದ ಪುಣ್ಯಾತ್ಮ. ಕಿಲ್‌ಬ್ರೈಡ್ ಹೆಸರು ಅಲ್ಲಿಗೆ ಮುಗಿದು, ಮಕ್ಕಳೆಲ್ಲ ಹೊಸಮನಿಯವರಾಗಿದ್ದರು.

ಮರುದಿನ ಭಾಷಣ ಮಾಡಿದ್ದು ಮಧುಮತಿ. ಹಸಿರು ಇಳಕಲ್ ಸೀರೆ, ಸರಾಗ ಜರ್ಮನ್. ತಿಂಗಳುಗಟ್ಟಲೆ ದಾಖಲೆ ಹುಡುಕಿದ್ದು ನಾನೆಂದೂ ಹೇಳಿದಳು. ನಾನು ಹಸಿರು ಕೋಟಿನಲ್ಲಿ ಕೂತು ಪರದೆಯ ಮೇಲೆ ಚಿತ್ರ ಬದಲಿಸಿದೆ. ನಿಜ ಹೇಳಬೇಕೆಂದರೆ, ಆ ಹೊತ್ತು ನನಗೆ ಅವಳ ಮೇಲೆ ಬಹಳ ಹೆಮ್ಮೆ ಎನಿಸಿತು.

ಕೊನೆಯಲ್ಲಿ ಒಬ್ಬ ಜರ್ಮನ್ ಅಜ್ಜಿ ಎದ್ದು ನಿಂತಳು. “ಹೆಂಡತಿಯ ಹಿರಿಯನಿಗಾಗಿ ಇಷ್ಟು ತಿಂಗಳು ಕಣ್ಣು ಕೆಡಿಸಿಕೊಂಡ ಗಂಡನನ್ನು ನಾನು ನೋಡೇ ಇಲ್ಲ!” ಎಂದಳು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ದುರುಗುಟ್ಟಿ ನೋಡಿದರು. ನಾನು ಎದ್ದು, ಎದೆಯ ಮೇಲೆ ಕೈಯಿಟ್ಟು, ವಿನಯದ ಭಾರಕ್ಕೆ ಬಾಗಿದೆ.

ಬಾಗಿದವನು ನೆಟ್ಟಗಾಗುವಷ್ಟರಲ್ಲಿ ಮಧುಮತಿ ಮೈಕು ಕೈಗೆತ್ತಿಕೊಂಡಿದ್ದಳು. “ಒಂದು ಸಣ್ಣ ತಿದ್ದುಪಡಿ,” ಎಂದು ಜರ್ಮನಿನಲ್ಲಿ ಶುರು ಮಾಡಿ, ಹಾರದಿಂದ ಹಿಡಿದು ಕೋಟಿನವರೆಗೆ ಒಂದನ್ನೂ ಬಿಡದೆ ಹೇಳಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಇನ್ನೇನು ಮಾಡಲಿ? ಮನೆಯ ಕೀಲಿ ಅವಳ ಪರ್ಸಿನಲ್ಲಿತ್ತು.